ಯಾರ ಬಾಜೂ ಯಾರು

ಹೆಸರಿಲ್ಲದ ಆರು ಮಂದಿ ಲಗಮಣ್ಣನ ಮನೆ ಹೊಕ್ಕು ಮೂರು ವಾರವಾಗಿತ್ತು. ಒಬ್ಬರೂ ಕೂತಲ್ಲಿ ಕೂರುವವರಲ್ಲ. ಪಿ, ಕ್ಯೂ, ಆರ್, ಎಸ್, ಟಿ, ಯು. ಯಾವ ಊರವರು, ಯಾರ ಪೈಕಿ, ಬೆಳಗ್ಗೆ ಏನು ತಿಂದು ಬಂದಿದ್ದಾರೆ, ಒಂದೂ ಗೊತ್ತಿಲ್ಲ. ಮಗಳು ಯಶೋಧರಾ ಅವರನ್ನು ದಪ್ಪ ಪುಸ್ತಕದೊಳಗಿಂದ ಎಬ್ಬಿಸಿ ತಂದು ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಂಡು ಮತ್ತೆ ಎಬ್ಬಿಸುತ್ತಿದ್ದಳು. ಲಗಮಣ್ಣ ಹದಿನೆಂಟು ವರ್ಷದಿಂದ ಮಂದಿಯನ್ನು ಕೂರಿಸುವ ಕೆಲಸವನ್ನೇ ಮಾಡಿಕೊಂಡು ಬಂದವನು. ಇಷ್ಟು ಹಟಮಾರಿ ಮಂದಿಯನ್ನು ಅವನು ಕಂಡಿರಲಿಲ್ಲ.

ಮಸಗುಪ್ಪಿಯಿಂದ ದಿನಾ ಬಸ್ಸು ಹತ್ತಿ ಅವನು ಗೋಕಾಕದ ಒಂದು ಮಂಗಲ ಕಾರ್ಯಾಲಯಕ್ಕೆ ಹೋಗುತ್ತಿದ್ದ. ಮದುವೆ, ಕುಬಸ, ಸತ್ಕಾರ, ಸಭೆ, ಏನೇ ಇರಲಿ, ಕುರ್ಚಿ ಹಾಕುವವನು ಲಗಮಣ್ಣ. ವೇದಿಕೆಯ ಮೇಲೆ ಯಾರು ನಡುವೆ, ಯಾರು ಎಡಕ್ಕೆ, ಯಾರು ತುದಿಗೆ ಎಂಬುದು ಅವನಿಗೆ ಆಮಂತ್ರಣ ಪತ್ರಿಕೆಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ತಿಳಿಯುತ್ತಿತ್ತು. ಯಾರಿಗೂ ಯಾರ ಮೈಯೂ ತಾಗದಂತೆ, ಯಾರ ಮರ್ಯಾದೆಗೂ ಕುಂದು ಬಾರದಂತೆ ಹೊಂದಿಸುತ್ತಿದ್ದ. ಇಷ್ಟು ವರ್ಷದಲ್ಲಿ ಆ ಕುರ್ಚಿಗಳ ಪೈಕಿ ಒಂದರಲ್ಲೂ ಅವನು ಕೂತಿರಲಿಲ್ಲ. ಕೂರಬೇಡ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬರದಂತೆ ಅವನು ನೋಡಿಕೊಂಡಿದ್ದ.

ಯಶೋಧರಾ ಪಿಯುಸಿ ಮುಗಿಸಿದ್ದಳು. ಅವಳಿಗೆ ವಕೀಲಿ ಓದಬೇಕು, ಅದೂ ಐದು ವರ್ಷದ ದೊಡ್ಡ ಕಾಲೇಜಿನಲ್ಲಿ. ಅದಕ್ಕೆ ಇಡೀ ದೇಶಕ್ಕೆಲ್ಲ ಸೇರಿ ಒಂದು ಪ್ರವೇಶ ಪರೀಕ್ಷೆ. ಮೇ ತಿಂಗಳ ಮೂರನೇ ರವಿವಾರ, ಬೆಳಗಾವಿಯಲ್ಲಿ. ವಕೀಲರ ಪರೀಕ್ಷೆಯಲ್ಲಿ ಕಾಯಿದೆ ಕೇಳದೆ ಕುರ್ಚಿ ಕೇಳುತ್ತಾರೆ ಎಂಬುದು ಮನೆಯವರಿಗೆ ಗೊತ್ತಾದದ್ದೇ ಪುಸ್ತಕ ಬಂದ ಮೇಲೆ.

ಮನೆಯಲ್ಲಿ ಒಂದು ಕರಾರು ಆಗಿತ್ತು. ಕಾರ್ಯಾಲಯದ ಮ್ಯಾನೇಜರ್ ಕಲ್ಲಪ್ಪ, “ನಿನ್ನ ಮಗಳು ಇಂಗ್ಲಿಷ್ ಓದಿದಾಳ, ಜೂನ್‌ದಿಂದ ಬುಕಿಂಗ್ ಟೇಬಲ್ ಮ್ಯಾಲ ಕುಂದರ್ಸು” ಎಂದಿದ್ದ. ಯಶೋಧರಾಳ ತಾಯಿ ಸುಂದ್ರವ್ವನಿಗೆ ಈ ಮಾತು ಬಹಳ ಹಿಡಿಸಿತ್ತು. ಪರೀಕ್ಷೆ ಒಂದೇ ಸಲ. ಸೀಟು ಸಿಕ್ಕರೆ ಹೋಗುವುದು, ಸಿಗದಿದ್ದರೆ ಜೂನ್‌ನಿಂದ ಕಲ್ಲಪ್ಪನ ಟೇಬಲ್. ಯಶೋಧರಾ ತುಟಿ ಕಚ್ಚಿಕೊಂಡು ಹೂಂ ಅಂದಿದ್ದಳು.

ಅವತ್ತು ರವಿವಾರ, ಮಧ್ಯಾಹ್ನ. ಎಲ್ಲರೂ ಮನೆಯಲ್ಲಿದ್ದರು.

“ಉಪ್ಪಿನ ಡಬ್ಬಿ ಎಲ್ಲೈತೇ?” ಸುಂದ್ರವ್ವ ಒಲೆಯ ಮುಂದಿನಿಂದ ಕೂಗಿದಳು.

“ಅದು ಎಸ್ ಐತಿ ಅವ್ವಾ. ಮುಟ್ಟಬ್ಯಾಡ. ಮೂರನೇ ಕುರ್ಚೀ ಬಿಟ್ಟ ಏಳಂಗಿಲ್ಲ ಅಂವ.”

“ಅಂವ ಯಾರರೆ ಇರವಲ್ನ್ಯಾಕ, ಪಲ್ಯಾಕ ಉಪ್ಪ ಬೇಕ.”

“ಒಂದ ಚಿಟಿಕಿ ತಗೊಂಡ ಅಲ್ಲೇ ಇಡು.”

ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರು ಚೌಕ ಬರೆದಿತ್ತು. ಮೂರನೆಯದರಲ್ಲಿ ಉಪ್ಪಿನ ಡಬ್ಬಿ. ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಉಳ್ಳಾಗಡ್ಡಿ ಟಿ ಮತ್ತು ಆರ್. ಯು ಎಂದರೆ ಬೆಳ್ಳುಳ್ಳಿ ಗಡ್ಡೆ. ಪಿ ಮತ್ತು ಕ್ಯೂ ಇಬ್ಬರನ್ನು ಆರಿಸಿಕೊಟ್ಟವನು ಲಗಮಣ್ಣ. ಪಿಗೆ ಹಿತ್ತಾಳೆಯ ಚರಿಗೆ, ಕ್ಯೂಗೆ ನೆಗ್ಗಿದ ಅಲ್ಯುಮಿನಿಯಂ ಲೋಟ.

“ಪತ್ರಿಕ್ಯಾಗ ಮೊದಲ ಯಾರ ಹೆಸರ ಇರತೈತಿ ಅವರ ದೊಡ್ಡವರು,” ಎಂದು ಅವನು ಮಗಳಿಗೆ ತನ್ನ ವಿದ್ಯೆ ಹೇಳಿಕೊಟ್ಟಿದ್ದ. “ಮೊದಲ ದೊಡ್ಡ ಕುರ್ಚಿ ಗಟ್ಟಿ ಮಾಡಬೇಕ. ಉಳಿದಾವು ತಾವ ಜಾಗಾ ಹುಡಿಕೊಂತಾವ. ಹದಿನೆಂಟ ವರ್ಷ ಆತು, ಒಂದ ಸಲಾನೂ ತಪ್ಪಿಲ್ಲ.”

“ಓದವಾ ಮತ್ತೊಮ್ಮಿ,” ಎಂದ ಈಗ.

ಯಶೋಧರಾ ಪುಸ್ತಕ ನೋಡಿ ಕನ್ನಡದಲ್ಲಿ ಹೇಳಿದಳು: “ಆರು ಕುರ್ಚಿ, ಆರು ಮಂದಿ. ಎಸ್ ಮೂರನೇ ಕುರ್ಚ್ಯಾಗ ಇರಬೇಕು. ಟಿ, ಆರ್ ಯಾವಾಗ್ಲೂ ಬಾಜೂ ಬಾಜೂ. ಪಿ, ಕ್ಯೂ ಎಂದೂ ಬಾಜೂ ಕುಂದ್ರಬಾರದು. ಯು ಎಲ್ಲೆರೆ ಆಗ್ಲಿ. ಹಂಗಾರ ಆರನೇ ಕುರ್ಚ್ಯಾಗ, ಅಂದ್ರ ತುದೀಗೆ, ಯಾರ್ಯಾರು ಕುಂದ್ರಬಹುದು? ಎಷ್ಟ ಮಂದಿ?”

“ನಿಂದೆಷ್ಟ ಬಂತು?”

“ಮೂರು. ಟಿ ಕುಂದ್ರಬಹುದು, ಆರ್ ಕುಂದ್ರಬಹುದು, ಕ್ಯೂ ಕುಂದ್ರಬಹುದು.”

“ಪುಸ್ತಕದಾಗ?”

“ನಾಕು.”

ಲಗಮಣ್ಣ ತಾನೇ ಕುಕ್ಕರುಗಾಲಲ್ಲಿ ಕೂತು ಚರಿಗೆಯನ್ನು ಉಪ್ಪಿನ ಡಬ್ಬಿಯ ಪಕ್ಕಕ್ಕೆ ನಾಲ್ಕನೇ ಚೌಕದಲ್ಲಿಟ್ಟ. ಲೋಟವನ್ನು ಎತ್ತಿ ತುದಿಗಿಟ್ಟ. ನಡುವೆ ಬೆಳ್ಳುಳ್ಳಿ. ಸರಿ ಹೋಯಿತು. ಮತ್ತೆ ಬದಲಿಸಿದ. ಚರಿಗೆ ಎರಡನೆಯದರಲ್ಲಿ, ಲೋಟ ತುದಿಗೆ. ಸರಿ ಹೋಯಿತು. ಉಳ್ಳಾಗಡ್ಡಿಗಳನ್ನು ತುದಿಗೆ ತಂದು ಹಿಂದುಮುಂದು ಮಾಡಿದ. ಅದೂ ಸರಿ. ಬೆಳ್ಳುಳ್ಳಿಯನ್ನು ತುದಿಗಿಟ್ಟರೆ ಮಾತ್ರ ಚರಿಗೆ, ಲೋಟ ಒಂದೇ ಕಡೆ ಸಿಕ್ಕಿಬೀಳುತ್ತಿದ್ದವು. ಹೇಗೆ ಎಣಿಸಿದರೂ ಮೂರೇ.

ಗೋಡೆಗೆ ಒರಗಿ ತೊಗರಿಬೇಳೆ ಆರಿಸುತ್ತಿದ್ದ ಅವನ ತಾಯಿ ಕೆಂಪವ್ವ ಕೇಳಿದಳು, “ಆ ಇಬ್ಬರು ಬಾಜೂ ಯಾಕ ಕುಂದ್ರಬಾರದಂತ?”

“ಏನರೆ ಜಗಳ ಇದ್ದೀತ ಬಿಡ ಯವ್ವಾ, ಹೊಲದ ಬದುವಿಂದು,” ಎಂದ ಲಗಮಣ್ಣ.

“ಇಲ್ಲ ಆಯಿ, ಕಾರಣಾ ಕೊಟ್ಟಿಲ್ಲ. ಕೇಳಂಗೂ ಇಲ್ಲ. ಹೇಳಿದ ನಿಯಮಾ ಹಿಡದ ಹೋಗಬೇಕ, ಅಷ್ಟ,” ಎಂದಳು ಯಶೋಧರಾ.

ಕೆಂಪವ್ವ ಮೊರದಿಂದ ಒಂದು ಹರಳು ಹೆಕ್ಕಿ ಬಾಗಿಲಾಚೆ ಎಸೆದಳು. “ಕಾರಣಾ ಕೊಡಂಗಿಲ್ಲ, ಕೇಳಂಗಿಲ್ಲ. ನಾ ಏನೋ ಹೊಸಾ ಪರೀಕ್ಷಾ ಅಂತ ತಿಳಕೊಂಡಿದ್ದೆ. ಇದನ್ನ ನಮ್ಮ ಕಡೇನೂ ಬರಸಿದ್ರು. ಹರೇದಾಗಿಂದ ಬರದ ಬರದ ನನ್ನ ಸೊಂಟಾ ಬಗ್ಗೈತಿ.”

“ಅದಕ್ಕ ಹೇಳೂದು ನಾ,” ಎಂದು ಅಣ್ಣ ಸ್ವಪ್ನಿಲ್ ಕಟ್ಟೆಯ ಮೇಲಿಂದ ಬಾಯಿ ಹಾಕಿದ. ಮೂಡಲಗಿಯ ಔಷಧಿ ಅಂಗಡಿಯಲ್ಲಿ ಅವನಿಗೆ ಕೆಲಸ. ರವಿವಾರ ಸಂಜೆ ಗೋಕಾಕದಲ್ಲಿ ಓದುಬಳಗ. ಹತ್ತು ಹನ್ನೆರಡು ಮಂದಿ ಸೇರಿ ಸಂವಿಧಾನ, ಬುದ್ಧ, ಚರಿತ್ರೆ ಓದಿ ಜಗಳಾಡುತ್ತಿದ್ದರು. “ಇದು ಬುದ್ಧಿ ನೋಡೂ ಪರೀಕ್ಷಾ ಅಲ್ಲ. ಹೇಳಿದಂಗ ಕೇಳ್ತಾರೋ ಇಲ್ಲೋ ನೋಡೂ ಪರೀಕ್ಷಾ. ಸಾವಿರ ವರ್ಷ ನಮ್ಮನ್ನ ಹಿಂಗ ಕುಂದರಿಸಿದ್ದ ಸಾಲಲಿಲ್ಲ, ಈಗ ಪುಸ್ತಕಾ ಬ್ಯಾರೆ ಮಾಡ್ಯಾರ.”

“ನಿನಗ ಬರಂಗಿಲ್ಲ, ಅದಕ್ಕ ಬಯ್ತಿ,” ಎಂದಳು ತಂಗಿ.

“ಬರಂಗಿಲ್ಲ? ತಾ ಇಲ್ಲಿ.” ಅವನೂ ಕೂತ. ಕಾಲು ತಾಸು ಚರಿಗೆ, ಲೋಟ ಸರಿಸಾಡಿದ. ಅವನಿಗೂ ಮೂರೇ ಬಂತು. “ತಪ್ಪ ಅಚ್ಚ ಆಗೇತಿ,” ಎಂದು ತೀರ್ಪು ಕೊಟ್ಟು ಎದ್ದ.

“ರೊಟ್ಟಿ ಆರಾಕತ್ತಾವ,” ಎಂದಳು ಸುಂದ್ರವ್ವ. “ನಿಮ್ಮ ದೊಡ್ಡವರನ ಎಬ್ಬಸ್ರಿ, ನಾ ಅದರಾಗ ಮಜ್ಜಿಗಿ ಹಾಕ್ಬೇಕ.”

ಎಲ್ಲರೂ ಉಂಡರು. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು.

ಅಚ್ಚಿನ ತಪ್ಪು ಒಂದಾಗಿದ್ದರೆ ನಂಬಬಹುದಿತ್ತು. ಆದರೆ ಮುಂದಿನ ಪ್ರಶ್ನೆಯಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಪುಸ್ತಕದವರು ಐದು ದಾರಿ ಇವೆ ಎಂದರೆ ಯಶೋಧರಾಳಿಗೆ ಮೂರು ಕಾಣುತ್ತಿದ್ದವು. ಅವರು ಎಂಟು ಎಂದರೆ ಇವಳಿಗೆ ನಾಲ್ಕು. ಹತ್ತರಲ್ಲಿ ಆರು ತಪ್ಪು. ಎಲ್ಲೋ ಒಂದು ಬಾಗಿಲು ಇದೆ, ತನಗೆ ಮಾತ್ರ ಗೋಡೆ ಕಾಣುತ್ತಿದೆ ಎಂದು ಅವಳು ವಹಿಯ ಅಂಚಿನಲ್ಲಿ ಬರೆದುಕೊಂಡಳು.

ಲಗಮಣ್ಣನಿಗೆ ಸಮಾಧಾನವಾಗಲಿಲ್ಲ. ಬುಧವಾರ ಕಾರ್ಯಾಲಯ ಖಾಲಿ ಇತ್ತು. ಮಧ್ಯಾಹ್ನ ಆರು ನಿಜವಾದ ಕುರ್ಚಿ ಹಾಕಿ, ಕುರ್ಚಿಗೊಂದು ಚೀಟಿ ಅಂಟಿಸಿದ. ಪಿಗೆ ಕೆಂಪು ಮಖಮಲ್ಲಿನ ಗದ್ದಿಗೆ ಕುರ್ಚಿ, ಕ್ಯೂಗೆ ಪ್ಲಾಸ್ಟಿಕ್ಕಿನದು. ಎಳೆದ, ಸರಿಸಿದ, ಬೆವರಿದ. ಮೂರು.

ಕಲ್ಲಪ್ಪ ಬಂದು ನೋಡಿದ. “ಯಾವ ಕಾರ್ಯಕ್ರಮೋ ಇದು? ಪಿ ಅಂದ್ರ ಯಾರು?”

“ಗೊತ್ತಿಲ್ರಿ ಸಾಹೇಬ್ರ.”

“ಗೊತ್ತಿಲ್ದವರಿಗೆ ಗದ್ದಿಗಿ ಕುರ್ಚಿ ಹಾಕೀಯಲ್ಲೋ!”

“ದೊಡ್ಡವರ ಇರಬೇಕ್ರಿ. ಮೊದಲ ಹೆಸರ ಅವರದ ಐತಿ.”

ಕಲ್ಲಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, “ಶನಿವಾರ ಗುರುವಂದನಾ ಐತಿ, ಮಗಳನ್ನ ಕರಕೊಂಡ ಬಾ. ಕೆಲಸಾ ನೋಡಲಿ,” ಎಂದು ಹೋದ.

ಮನೆಯಲ್ಲಿ ಅವತ್ತೇ ಜಗಳ. ಸುಂದ್ರವ್ವ ಕಬ್ಬಿನ ಕಳೆ ತೆಗೆದು ಬಂದರೆ ನೀರು ತುಂಬಿರಲಿಲ್ಲ, ಆಡಿಗೆ ಸೊಪ್ಪು ಹಾಕಿರಲಿಲ್ಲ. ಯಶೋಧರಾ ಚೌಕಗಳ ಮುಂದೆ ಕೂತಿದ್ದಳು.

“ನಳಾ ಬಂದ ಹೋಗೇತಿ. ಕೊಡಾ ಹಂಗ ಅದಾವ. ನಿನ್ನ ಆರ ಮಂದ್ಯಾಗ ಒಬ್ಬರರೆ ಎದ್ದ ನೀರ ಹಿಡದ್ರೇನ?”

“ಅವ್ವಾ, ಇನ್ನ ಹದಿನೈದ ದಿನಾ. ಆಮ್ಯಾಲ ಎಲ್ಲಾ ನಾ ಮಾಡ್ತೇನಿ.”

“ಆಮ್ಯಾಲ ನೀ ಲಾಯರ್ ಆಗ್ತಿ, ನಾ ಕೊಡಾ ಹೊರೂದ ಹೊರೂದ. ನಿಮ್ಮಪ್ಪ ಹದಿನೆಂಟ ವರ್ಷ ಮಂದೀನ ಕುಂದರ್ಸಿದ, ಏನ ಬಂತ? ಆ ಬುಕಿಂಗ್ ಟೇಬಲ್ಲಿಗೆ ಫ್ಯಾನ್ ಐತಂತ, ಗೊತ್ತೈತಿ?”

“ಫ್ಯಾನ್ ಸಲವಾಗಿ ಓದಲಿಲ್ಲ ನಾ.”

“ಬಿಸಲಾಗ ಬಗ್ಗಿ ನೋಡು, ಫ್ಯಾನ್ ಅಂದ್ರ ಏನಂತ ತಿಳೀತೈತಿ.”

ಲಗಮಣ್ಣ ನಡುವೆ ಬಂದು ಕೊಡ ಎತ್ತಿಕೊಂಡ. ಯಾರ ಪರ ಮಾತಾಡಬೇಕೋ ಅವನಿಗೆ ತಿಳಿಯಲಿಲ್ಲ. ಹೆಂಡತಿ ಹೇಳಿದ್ದು ಖರೆ ಇತ್ತು. ಮಗಳು ಹೇಳಿದ್ದೂ ಖರೆ ಇತ್ತು. ಕೈಬೋರಿನ ತನಕ ಹೋಗಿ ಎರಡು ಕೊಡ ತಂದ.

ಶನಿವಾರ ಬಂತು. ಯಾವುದೋ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳು ತಮ್ಮ ಗುರುಗಳಿಗೆ ಸತ್ಕಾರ ಇಟ್ಟುಕೊಂಡಿದ್ದರು. ವೇದಿಕೆಯ ಮೇಲೆ ಆರು ಕುರ್ಚಿ. ನಡುವಿನ ನಾಲ್ಕಕ್ಕೆ ಮುಂದೆ ಮೇಜು, ನೆಲದ ತನಕ ಇಳಿಬಿದ್ದ ನೀಲಿ ಬಟ್ಟೆ. ತುದಿಯ ಎರಡಕ್ಕೆ ಮೇಜು ಸಾಲುತ್ತಿರಲಿಲ್ಲ. ಮುಖ್ಯ ಅತಿಥಿ ಹುಕ್ಕೇರಿ ಕಡೆಯ ಒಂದು ಹಾಲಿನ ಸೊಸೈಟಿಯ ಅಧ್ಯಕ್ಷರು. ಊಟದ ಖರ್ಚು ಅವರದು. ಸತ್ಕಾರ ಪಡೆಯುವವರ ಪೈಕಿ ಸಾತವ್ವ ಬಾಯಾರೂ ಇದ್ದರು. ಮೂವತ್ತೆರಡು ವರ್ಷ ಗಣಿತ ಕಲಿಸಿದವರು. ಲಗಮಣ್ಣನ ಮಂದಿಯ ಪೈಕಿ ಸಾಲಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತ ಮೊದಲ ಹೆಣ್ಣುಮಗಳು. ಪತ್ರಿಕೆಯಲ್ಲಿದ್ದ ಪ್ರಕಾರ ಅವರ ಕುರ್ಚಿ ಅಧ್ಯಕ್ಷರ ಬಲಕ್ಕೆ ಬಂದಿತ್ತು. ಲಗಮಣ್ಣ ಹಾಗೇ ಹಾಕಿದ್ದ, ಒಳಗೊಳಗೆ ಖುಷಿಪಟ್ಟು.

ಕಾರ್ಯಕ್ರಮ ಇನ್ನೇನು ಶುರುವಾಗಬೇಕು, ಅಧ್ಯಕ್ಷರ ಕಡೆಯವನೊಬ್ಬ ಬಿಳಿ ಪ್ಯಾಂಟಿನವನು ಲಗಮಣ್ಣನ ಕಿವಿಯ ಬಳಿಗೆ ಬಂದ. “ಅಧ್ಯಕ್ಷರ ಬಾಜೂ ಆ ಬಾಯಾರ ಕುರ್ಚಿ ಬ್ಯಾಡ. ಸ್ವಲ್ಪ ಹೊಂದಿಸು.”

ಕಾರಣ ಹೇಳಲಿಲ್ಲ. ಲಗಮಣ್ಣ ಕೇಳಲೂ ಇಲ್ಲ. ಸಾತವ್ವ ಬಾಯಾರು ಮೆಟ್ಟಿಲು ಹತ್ತುವ ಹೊತ್ತಿಗೆ ಅವರ ಕುರ್ಚಿ ಆರನೆಯದಾಗಿತ್ತು. ಅವರು ಒಮ್ಮೆ ಕುರ್ಚಿ ನೋಡಿದರು, ಒಮ್ಮೆ ಲಗಮಣ್ಣನನ್ನು ನೋಡಿದರು, ಕೂತರು. ಎರಡು ತಾಸು ನೀರಿನ ಬಾಟಲಿ, ಚೀಲ, ಹೊದಿಸಿದ ಶಾಲು, ಎಲ್ಲವನ್ನೂ ತೊಡೆಯ ಮೇಲೇ ಹಿಡಿದುಕೊಂಡು ಕೂತರು. ಬಾಟಲಿ ತಂದುಕೊಟ್ಟವಳು ಯಶೋಧರಾ.

ಸಂಜೆ ಬಸ್ಸಿನಲ್ಲಿ ಅವಳು ಅಪ್ಪನ ಪಕ್ಕ ಸೀಟು ಖಾಲಿ ಇದ್ದರೂ ಮೂರು ಸಾಲು ಮುಂದೆ ಹೋಗಿ ಕೂತಳು. ಊರಲ್ಲಿ ಇಳಿದು ನಡೆಯುವಾಗಲೇ ಬಾಯಿ ಬಿಟ್ಟಳು.

“ಬಾಯಾರ ಕುರ್ಚೀನ ಯಾಕ ಸರಸಿದಿ?”

“ಅವರ ಹೇಳಿದ್ರು.”

“ಏನ ಹೇಳಿದ್ರು?”

“ಬಾಜೂ ಬ್ಯಾಡ ಅಂದ್ರು.”

“ಬಾಯಾರನ ಸರಸು ಅಂದ್ರೇನ?”

ಲಗಮಣ್ಣ ನಿಂತು ಯೋಚಿಸಿದ. ಬಿಳಿ ಪ್ಯಾಂಟಿನವನ ಮಾತು ನೆನಪಿಸಿಕೊಂಡ. “ಹಂಗ ಅನಲಿಲ್ಲ. ಬಾಜೂ ಬ್ಯಾಡ, ಹೊಂದಿಸು ಅಂದ್ರು.”

“ಮತ್ತ? ಇಬ್ಬರು ಬಾಜೂ ಇರಬಾರದು ಅಂದ್ರ ಯಾರನರೆ ಒಬ್ಬರನ ಸರಸಬೇಕ. ಯಾರ ಒಲ್ಲೆ ಅಂತಾರ ಅವರನ ಸರಸಬಹುದಿತ್ತಲ್ಲ? ಅವರ ಕುರ್ಚೀನ ಒಯ್ದ ತುದೀಗೆ...”

ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಲಗಮಣ್ಣ ಅವಳ ತೋಳು ಹಿಡಿದು ಬದಿಗೆಳೆದ.

“ಏನಾತು?”

“ಪಿ,” ಎಂದಳು. ಅಷ್ಟೇ. ಓಡಿದಳು.

ಲಗಮಣ್ಣ ಮನೆ ಮುಟ್ಟುವಷ್ಟರಲ್ಲಿ ನೆಲದ ಮೇಲೆ ಆರು ಚೌಕ ಮೂಡಿದ್ದವು. ಉಳ್ಳಾಗಡ್ಡಿ ಎರಡೂ ಮೊದಲಿಗೆ, ಉಪ್ಪಿನ ಡಬ್ಬಿ ಮೂರನೆಯದರಲ್ಲಿ. ಅದರ ಪಕ್ಕ, ನಾಲ್ಕನೆಯದರಲ್ಲಿ, ನೆಗ್ಗಿದ ಲೋಟ. ಐದರಲ್ಲಿ ಬೆಳ್ಳುಳ್ಳಿ. ಆರನೆಯದರಲ್ಲಿ, ಕಟ್ಟಕಡೆಗೆ, ಹಿತ್ತಾಳೆಯ ಚರಿಗೆ.

“ಒಂದರೆ ನಿಯಮ ಮುರದೈತೇನ ನೋಡ ಅಪ್ಪಾ.”

ಅವನು ಬೆರಳಿಟ್ಟು ಎಣಿಸಿದ. ಒಂದೂ ಮುರಿದಿರಲಿಲ್ಲ. ಟಿ, ಆರ್, ಕ್ಯೂ, ಪಿ. ನಾಲ್ಕು.

“ಚರಿಗೀನ ತುದೀಗೆ ಇಡಬೇಡ ಅಂತ ಪುಸ್ತಕದಾಗ ಎಲ್ಲೂ ಇದ್ದಿದ್ದಿಲ್ಲ. ನಾವ ಇಡಲಿಲ್ಲ. ಒಬ್ಬರೂ ಇಡಲಿಲ್ಲ. ಅಣ್ಣಾನೂ ಇಡಲಿಲ್ಲ!”

ಸ್ವಪ್ನಿಲ್ ಬಂದು ನೋಡಿದ. ತಂಗಿಯ ವಹಿ ತೆಗೆದು ತಪ್ಪಾದ ಲೆಕ್ಕಗಳನ್ನು ಒಂದೊಂದಾಗಿ ನೋಡಿದ. ಎಲ್ಲದರಲ್ಲೂ ಮೊದಲ ಹೆಸರಿನವನು ನಡುವೆ ಬೇರು ಬಿಟ್ಟು ಕೂತಿದ್ದ. ಎರಡನೇ ಹೆಸರಿನವನೇ ಎದ್ದು ಎದ್ದು ಹೋಗುತ್ತಿದ್ದ.

“ಇದನ್ನ ನಾ ಕಲಿಸಿದ್ದಾ?” ಎಂದು ಕೇಳಿದ ಲಗಮಣ್ಣ.

“ನೀ ಕಲಿಸಿದ್ದ ಅಪ್ಪಾ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನು ಚರಿಗೆಯನ್ನೂ ಲೋಟವನ್ನೂ ಎಷ್ಟೋ ಹೊತ್ತು ನೋಡುತ್ತ ಕೂತ. ಹದಿನೆಂಟು ವರ್ಷ ಒಂದು ಸಲವೂ ತಪ್ಪಿಲ್ಲ ಎಂದುಕೊಂಡಿದ್ದ ಕೆಲಸ ಅದು. ತಪ್ಪಿದ್ದು ಎಲ್ಲಿಂದ ಎಣಿಸಬೇಕು?

“ಚರಿಗಿ ಕೊಡ್ರಿ,” ಎಂದಳು ಸುಂದ್ರವ್ವ. “ಎಲ್ಲಿದ್ರೇನ, ತೊಳಿಯಾಕಿ ನಾನ.”

ಪರೀಕ್ಷೆಯ ದಿನ ಅಪ್ಪ ಮಗಳು ಬೆಳಗ್ಗೆ ಮೊದಲ ಬಸ್ಸಿಗೆ ಬೆಳಗಾವಿಗೆ ಹೋದರು. ಗೇಟಿನ ಹೊರಗೆ ಕಾರುಗಳ ಸಾಲು. ತಾಯಂದಿರು ಕಾರಿನೊಳಗೆ ಎ.ಸಿ. ಹಾಕಿಕೊಂಡು ಕೂತಿದ್ದರು. ಲಗಮಣ್ಣ ಗುಲ್‌ಮೊಹರ್ ಮರದಡಿ ಕಲ್ಲಿನ ಮೇಲೆ ಕೂತು ರೊಟ್ಟಿ ಗಂಟು ಕಾಯ್ದ. ಮಧ್ಯಾಹ್ನ ಯಶೋಧರಾ ಹೊರಗೆ ಬಂದಳು.

“ಹೆಂಗಾತವಾ? ಕುರ್ಚೀದು ಬಂದಿತ್ತ?”

“ಕುರ್ಚೀದ ಬಂದಿದ್ದಿಲ್ಲ.”

ಲಗಮಣ್ಣ ರೊಟ್ಟಿ ಗಂಟು ಬಿಚ್ಚುವುದನ್ನು ಬಿಟ್ಟ. “ಮತ್ತ?”

“ಕಪಾಟಿನ್ಯಾಗ ಏಳು ಪುಸ್ತಕಾ ಹೊಂದಸೂದ ಬಂದಿತ್ತು. ಬಸ್ಸಿನ ಸೀಟಿಂದ ಒಂದ. ವಾರದಾಗ ಯಾವ ದಿನಾ ಯಾರ ಪಾಳಿ ಅಂತ ಒಂದ.”

“ಅಯ್ಯ! ಕಲಿತದ್ದ ಬರಲಿಲ್ಲೇನ ಹಂಗಾರ?”

“ಎಲ್ಲಾ ಅದ ಅಪ್ಪಾ.”

ಪುಸ್ತಕ, ಬಸ್ಸು, ವಾರ, ಇವೆಲ್ಲ ಕುರ್ಚಿ ಹೇಗಾದವು ಎಂಬುದು ಲಗಮಣ್ಣನಿಗೆ ಅರ್ಥವಾಗಲಿಲ್ಲ. ಮಗಳು ಮೂರು ರೊಟ್ಟಿ ತಿಂದಳು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅದೂ ತಿಳಿಯಲಿಲ್ಲ. ಫಲಿತಾಂಶ ಜೂನ್‌ಗೆ ಅಂದರು. ಕಲ್ಲಪ್ಪನೂ, “ಒಂದನೇ ತಾರೀಖಿಗೆ ಬರ್ತಾಳೋ ಇಲ್ಲೋ?” ಎಂದು ಎರಡು ಸಲ ಕೇಳಿದ್ದ. “ಬರ್ತಾಳ್ರಿ,” ಎಂದು ಸುಂದ್ರವ್ವ ಹೇಳಿಕಳಿಸಿದ್ದಳು. ಯಶೋಧರಾ ಆಡಿಗೆ ಸೊಪ್ಪು ಹಾಕುತ್ತಿದ್ದಳು.

ಮೇ ತಿಂಗಳ ಕೊನೆಗೆ ಅದೇ ಹಾಲಿನ ಸೊಸೈಟಿಯ ವಾರ್ಷಿಕ ಸಭೆ ಬಂತು. ಅದೇ ಅಧ್ಯಕ್ಷರು. ಆರು ಕುರ್ಚಿ. ದನಕರುಗಳ ಲಸಿಕೆಯ ಬಗ್ಗೆ ಮಾತಾಡಲು ಡಾಕ್ಟರ್ ಯಲ್ಲಾಲಿಂಗ ಅವರನ್ನು ಕರೆದಿದ್ದರು. ಹೊಸದಾಗಿ ಬಂದ ದನದ ಡಾಕ್ಟರು, ಇನ್ನೂ ಮೂವತ್ತು ತುಂಬದ ಹುಡುಗ. ಅವರದು ಯಾವ ಓಣಿ ಎಂದು ಲಗಮಣ್ಣನಿಗೂ ಗೊತ್ತಿತ್ತು, ಬಿಳಿ ಪ್ಯಾಂಟಿನವನಿಗೂ ಗೊತ್ತಿತ್ತು. ಅಧ್ಯಕ್ಷರ ಎಮ್ಮೆಗೆ ಕಾಲುಬಾಯಿ ಬೇನೆ ಬಂದಾಗ ಬಾಯೊಳಗೆ ಕೈ ಹಾಕಿ ಉಳಿಸಿದವರು ಇದೇ ಡಾಕ್ಟರು ಎಂಬುದೂ ಗೊತ್ತಿತ್ತು. ಕೈ ಎಮ್ಮೆಯ ಬಾಯಿಗಾದರೆ ಅಡ್ಡಿಯಿಲ್ಲ. ಭುಜ ಭುಜಕ್ಕೆ ತಾಗುವಂತಿಲ್ಲ.

ಬಿಳಿ ಪ್ಯಾಂಟಿನವನು ಬಂದ. “ಅಧ್ಯಕ್ಷರ ಬಾಜೂ ಡಾಕ್ಟ್ರ ಕುರ್ಚಿ ಬ್ಯಾಡ. ಗೊತ್ತಲ್ಲ? ಹೊಂದಿಸು.”

“ಬಾಜೂ ಬ್ಯಾಡಲ್ರಿ?” ಎಂದ ಲಗಮಣ್ಣ.

“ಬ್ಯಾಡ.”

“ಆತ್ರಿ.”

ಹಾಗೆಂದ ಮೇಲೂ ಅವನ ಕೈ ಅಭ್ಯಾಸಬಲದಿಂದ ಡಾಕ್ಟರ ಕುರ್ಚಿಯ ಬೆನ್ನಿಗೇ ಹೋಯಿತು. ಹಿಡಿದ, ಅರ್ಧ ಎತ್ತಿದ, ಮತ್ತೆ ಕೆಳಗಿಟ್ಟ. ಆಮೇಲೆ ಅಧ್ಯಕ್ಷರ ಗದ್ದಿಗೆ ಕುರ್ಚಿಯ ಎರಡೂ ಕೈ ಹಿಡಿದು ಎತ್ತಿದ. ಅದು ಭಾರವಿತ್ತು. ಹದಿನೆಂಟು ವರ್ಷದಲ್ಲಿ ಅದನ್ನು ನಡುವಿನಿಂದ ಆಚೀಚೆ ಒಯ್ದವನಲ್ಲವಾದ್ದರಿಂದ ಅದರ ಭಾರ ಎಷ್ಟೆಂದೇ ಅವನಿಗೆ ತಿಳಿದಿರಲಿಲ್ಲ. ಆರನೇ ಜಾಗದಲ್ಲಿಟ್ಟ. ಹೆಸರಿನ ಫಲಕವನ್ನೂ ಒಯ್ದ. ಮೇಜು ಅಲ್ಲಿಗೆ ಸಾಲದ್ದರಿಂದ ಕುರ್ಚಿಯ ಮುಂದೆ ನೆಲದ ಮೇಲಿಟ್ಟ. ನಡುವಿನ ಖಾಲಿ ಜಾಗಕ್ಕೆ ಉಳಿದ ಕುರ್ಚಿಗಳು ತಾವಾಗಿ ಹೊಂದಿಕೊಂಡವು.

ಐದು ನಿಮಿಷದಲ್ಲಿ ಧ್ವನಿವರ್ಧಕ ಶುರುವಾಯಿತು. ಒಬ್ಬೊಬ್ಬರ ಹೆಸರು ಕೂಗಿದರು, ಒಬ್ಬೊಬ್ಬರು ಹತ್ತಿ ಕೂತರು. ಅಧ್ಯಕ್ಷರು ಕೈ ಮುಗಿಯುತ್ತ ನಡುವಿನ ತನಕ ಬಂದರು, ನಿಂತರು. ಅಲ್ಲಿ ಡಾಕ್ಟರ್ ಯಲ್ಲಾಲಿಂಗ ಕೂತಿದ್ದರು. ಎದುರಿಗೆ ಮುನ್ನೂರು ಮಂದಿ ಹಾಲು ಹಾಕುವವರು. ಫೋಟೊದವನು ಕ್ಯಾಮೆರಾ ಎತ್ತಿದ್ದ. ಅಧ್ಯಕ್ಷರು ಬಿಳಿ ಪ್ಯಾಂಟಿನವನನ್ನು ನೋಡಿದರು, ಅವನು ಲಗಮಣ್ಣನನ್ನು ನೋಡಿದ. ಏನಾದರೂ ಹೇಳಬೇಕೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಮೈಕು ಚಾಲೂ ಇತ್ತು. ಅಧ್ಯಕ್ಷರು ತುದಿಗೆ ಹೋಗಿ ಕೂತರು.

ಊಟ ಮುಗಿದು ಮಂದಿ ಹೋದ ಮೇಲೆ ಕಲ್ಲಪ್ಪ ಗುಡುಗಿದ.

“ಯಾರ ಹೇಳಿದ್ರೋ ನಿನಗ ಅಧ್ಯಕ್ಷರ ಕುರ್ಚಿ ಸರಸಾಕ?”

“ಬಾಜೂ ಬ್ಯಾಡ ಅಂದ್ರ್ರಿ. ಸರಸೀನಿ.”

“ಡಾಕ್ಟರನ್ನ ಸರಸಬೇಕಾಗಿತ್ತು!”

“ಯಾಕ್ರಿ?”

ಕಲ್ಲಪ್ಪ ಬಾಯಿ ತೆರೆದ. ಸುತ್ತ ಪಾತ್ರೆ ಒಯ್ಯುವ ನಾಲ್ಕು ಹೆಂಗಸರು ನಿಂತಿದ್ದರು. ತೆರೆದ ಬಾಯಿ ಹಾಗೇ ಮುಚ್ಚಿದ. “ನಾಳಿಂದ ಕುರ್ಚಿ ಮುಟ್ಟಬ್ಯಾಡ. ಬರೇ ನೀರ ತುಂಬು. ಮಗಳ ಕೆಲಸದ ಮಾತ ಇಲ್ಲಿಗೆ ಮುಗೀತು.”

ಮನೆಗೆ ಬಂದು ಹೇಳಿದಾಗ ಸುಂದ್ರವ್ವ ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಒಗೆದಳು.

“ನಾಕ ದಿನಾ ತಡೀಲಿಲ್ಲ ನಿಮ್ಮ ಕೈ? ರಿಸಲ್ಟ್ ಬಂದಿಲ್ಲ ಇನ್ನ. ಅಕಸ್ಮಾತ್ ಆಗಲಿಲ್ಲಂದ್ರ? ಇದ್ದದ್ದೊಂದ ಟೇಬಲ್ಲೂ ಹೋತು.”

“ಗೊತ್ತೈತಿ.”

“ಗೊತ್ತಿದ್ದ ಮಾಡಿದ್ರ್ಯಾ?”

“ಏನ ಗೊತ್ತಿತ್ತೋ ಏನಿಲ್ಲೋ, ಎತ್ತಿಬಿಟ್ಟೆ.”

“ಭಾರೀ ಮಾಡಿದಿ ಅಪ್ಪಾ,” ಎಂದ ಸ್ವಪ್ನಿಲ್. “ಬಳಗದಾಗ ಹೇಳಬೇಕ ಇದನ್ನ.”

“ನಿನ್ನ ಬಳಗ ಬಂದ ನಿನ್ನ ತಂಗೀಗೆ ಕೆಲಸಾ ಕೊಡತೈತೇನ?” ಎಂದು ತಾಯಿ ಅವನ ಮೇಲೂ ಏರಿಹೋದಳು. ಆಮೇಲೆ ಗಂಡನೊಂದಿಗೆ ಮಾತು ಬಿಟ್ಟಳು. ತಾಟು ಮುಂದೆ ಇಡುತ್ತಿದ್ದಳು, ಮಾತಿಲ್ಲ. ಬೇಕಾದ್ದನ್ನು ಆಡಿಗೆ ಹೇಳುತ್ತಿದ್ದಳು. “ಹಿಟ್ಟ ಮುಗದೈತಿ ನೋಡವಾ,” ಎಂದು ಆಡಿನ ಮುಂದೆ ಅಂದರೆ ಲಗಮಣ್ಣ ಜೋಳದ ಚೀಲ ಹೊತ್ತು ಗಿರಣಿಗೆ ನಡೆಯುತ್ತಿದ್ದ. ಯಶೋಧರಾ ದಿನಾ ಕಲ್ಲಿನ ಕಟ್ಟೆಯ ಮೇಲೆ ಸಿಗ್ನಲ್ ಹುಡುಕುತ್ತ ನಿಲ್ಲುತ್ತಿದ್ದಳು. ಲಗಮಣ್ಣ ಕಾರ್ಯಾಲಯದಲ್ಲಿ ನೀರು ತುಂಬುತ್ತಿದ್ದ. ಕುರ್ಚಿಗಳನ್ನು ಬೇರೆ ಯಾರೋ ಹಾಕುತ್ತಿದ್ದರು, ಸೊಟ್ಟಸೊಟ್ಟ. ನೋಡಿದಾಗೆಲ್ಲ ಅವನ ಕೈ ಕಡಿಯುತ್ತಿತ್ತು. ತಾನು ಮಾಡಿದ್ದು ಸರಿಯೋ ಮಗಳ ದಾರಿಗೆ ಕಲ್ಲೋ, ಎರಡು ಕೊಡ ತುಂಬುವ ನಡುವೆ ಎರಡು ಸಲ ಅಭಿಪ್ರಾಯ ಬದಲಾಗುತ್ತಿತ್ತು.

ಒಂಬತ್ತನೇ ದಿನ ಮಧ್ಯಾಹ್ನ ಸ್ವಪ್ನಿಲ್ ಅಂಗಡಿಗೆ ರಜೆ ಹಾಕಿ ಮೂಡಲಗಿಯಿಂದ ಬೈಕಿನಲ್ಲಿ ಬಂದ. ಇಳಿಯುವ ಮುಂಚೆಯೇ ಕೂಗಿದ, “ಬಂತು! ಪಟ್ಟ್ಯಾಗ ಹೆಸರ ಬಂತು! ಸೀಟ ಆತು!”

ಯಶೋಧರಾ ಫೋನು ಕಸಿದುಕೊಂಡು ಓದಿದಳು. ಮತ್ತೊಮ್ಮೆ ಓದಿದಳು. “ಹೊಂದಸೂ ಪ್ರಶ್ನೆ ಇಪ್ಪತ್ತದಾವ ಅಪ್ಪಾ. ಹದಿನೆಂಟ ಸರಿ ಬಂದಾವ,” ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸುಂದ್ರವ್ವ ಬಂದು ಮಗಳ ತಲೆಯ ಮೇಲೆ ಹಿಟ್ಟಿನ ಕೈಯಿಟ್ಟಳು. ಒಳಗೆ ಹೋಗಿ ಒಲೆ ಮುಂದೆ ಕೂತು, ಯಾರಿಗೂ ಕಾಣದಂತೆ ಮೂಗು ಒರೆಸಿಕೊಂಡಳು.

ಲಗಮಣ್ಣ ನಡುಮನೆಯಲ್ಲಿ ನಿಂತಿದ್ದ. ಎಲ್ಲಿ ಕೂರಬೇಕೋ ತಿಳಿಯದೆ ನಿಂತೇ ಇದ್ದ. ಕೆಂಪವ್ವ ಮೊರ ಪಕ್ಕಕ್ಕಿಟ್ಟು ತನ್ನ ಬಾಜೂ ನೆಲ ತಟ್ಟಿದಳು. “ಕುಂದ್ರ ಬಾ.”

ಕೂತ.

“ಒಂಬತ್ತ ದಿನದಿಂದ ಕೇಳಬೇಕಂತೀನಿ. ಸಿಟ್ಟಿನ ಮನ್ಯಾಗ ಕೇಳಿದ್ರ ನಿನ್ನ ಹೇಣತಿ ನನಗೂ ರೊಟ್ಟಿ ಹಾಕಂಗಿಲ್ಲ ಅಂತ ಸುಮ್ನಿದ್ದೆ. ತುದ್ಯಾಗ ಕುಂತಾಗ ಹೆಂಗ ಕಾಣ್ತಿದ್ದ ಆ ಅಧ್ಯಕ್ಷ?”

ಲಗಮಣ್ಣ ನೆನಪಿಸಿಕೊಂಡ. ಅವತ್ತಿನ ವೇದಿಕೆ, ನೀಲಿ ಬಟ್ಟೆ, ಮೇಜು ಮುಗಿದ ಮೇಲೆ ಒಂಟಿಯಾಗಿದ್ದ ದೊಡ್ಡ ಕೆಂಪು ಕುರ್ಚಿ.

“ಕಾಲ ನೆಲಕ್ಕ ಮುಟ್ಟತಿದ್ದಿಲ್ಲ ಯವ್ವಾ,” ಎಂದ. “ಕುರ್ಚಿ ಭಾಳ ದೊಡ್ಡದೈತಿ. ಇಷ್ಟ ವರ್ಷ ಮೇಜಿನ ಬಟ್ಟಿ ಅಡ್ಡ ಇರತಿತ್ತು, ಯಾರೂ ಕಂಡಿದ್ದಿಲ್ಲ. ಎರಡ ತಾಸ ಹಂಗ ಜೋತಾಡಾಕತ್ತಿದ್ದು.”

ಒಲೆಯ ಕಡೆ ಮುಖ ಮಾಡಿಕೊಂಡಿದ್ದ ಸುಂದ್ರವ್ವ ತಿರುಗಿ, ಒಂಬತ್ತು ದಿನದ ಮೇಲೆ ಮೊದಲ ಸಲ ಗಂಡನ ಮುಖ ನೋಡಿ ಕೇಳಿದಳು:

“ಖರೇನ? ಎರಡೂ ಕಾಲ?”